ಕ್ಲೇಮ್ ಫಾರಮ್ಮಿನಲ್ಲಿ ಒಂದು ಎಮ್ಮೆ

ಖಾಲಿ ಕಾಗದ ಎದುರಿಗಿದ್ದರೆ ನನ್ನ ಕೈ ತಾನಾಗಿ ಎಮ್ಮೆ ಬಿಡಿಸುತ್ತದೆ. ಫೋನಿನಲ್ಲಿ ಮಾತಾಡುವಾಗ ಬೇರೆಯವರ ಕೈ ಹೂವು ಬಿಡಿಸುತ್ತದೆ, ರಂಗೋಲಿಯ ಚುಕ್ಕಿ ಇಡುತ್ತದೆ, ಇಲ್ಲವೇ ತನ್ನ ರುಜುವನ್ನೇ ಹತ್ತು ಸಲ ಹಾಕುತ್ತದೆ. ನನ್ನದು ಎಮ್ಮೆ. ಮೊದಲು ಬೆನ್ನಿನ ಗೆರೆ, ಆಮೇಲೆ ಹೊಟ್ಟೆ, ಕೊನೆಗೆ ಎರಡು ಕೊಂಬು. ಹೊಟ್ಟೆ ಮಾತ್ರ ಯಾವಾಗಲೂ ಅಳತೆ ಮೀರುತ್ತದೆ. ಮೊನ್ನೆ ಬ್ಯಾಂಕಿನ ಚಲನ್ ಹಿಂದೆ ಬಿಡಿಸಿದ್ದನ್ನು ಕೌಂಟರಿನಾಕೆ ತಿರುಗಿಸಿ ನೋಡಿ, "ಮೇಡಂ, ಇದು ತುಂಬಿದ ಬಸುರಿ ಅಲ್ವಾ?" ಎಂದರು. ಅವರ ಮನೆಯಲ್ಲಿ ಹಿಂದೆ ಎಮ್ಮೆ ಇತ್ತಂತೆ. ನನ್ನ ಹಿಂದೆ ಕ್ಯೂನಲ್ಲಿದ್ದವರು ಇಬ್ಬರನ್ನೂ ಶಪಿಸಿರಬೇಕು.

ಈ ಚಾಳಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ನಕ್ಕು ಸುಮ್ಮನಾಗುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಅದು ಬಂದದ್ದು ಒಂದು ಇನ್ಶೂರೆನ್ಸ್ ಫಾರಮ್ಮಿನಿಂದ. ಕಾರು ಅಪಘಾತವಾದರೆ ಕಂಪನಿಗೆ ತುಂಬಿಕೊಡುವ ಆ ಫಾರಮ್ಮಿನ ಕೊನೆಯ ಪುಟದಲ್ಲಿ ಅಂಗೈಯಗಲದ ಒಂದು ಚೌಕ ಖಾಲಿ ಇರುತ್ತಿತ್ತು. ಅಪಘಾತ ಹೇಗಾಯಿತು ಎಂಬುದರ ನಕ್ಷೆಯನ್ನು ಅದರಲ್ಲಿ ಬಿಡಿಸಬೇಕು. ನಮ್ಮ ಮನೆಯ ಫಾರಮ್ಮಿನಲ್ಲಿ ಆ ಚೌಕ ನನ್ನ ಪಾಲಿಗೆ ಬಂತು. ಆಗ ನನಗೆ ಹತ್ತು ವರ್ಷ.

ಎಪ್ಪತ್ತರ ದಶಕದ ಕೊನೆಯ ಮಾತು. ನಾವು ಜೆ.ಪಿ. ನಗರದಲ್ಲಿದ್ದೆವು. ಜೆ.ಪಿ. ನಗರ ಎಂದ ಕೂಡಲೇ ಈಗಿನದನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ನಾಲ್ಕು ಮನೆ, ನಲವತ್ತು ಸೈಟು, ಸೈಟಿಗೊಂದು ಕಲ್ಲು, ಕಲ್ಲಿನ ಮೇಲೊಂದು ಓತಿಕ್ಯಾತ. ನೆಂಟರು ಬಂದರೆ "ಊರು ಬಿಟ್ಟು ಎಲ್ಲಿಗೋ ಬಂದುಬಿಟ್ರಲ್ಲ" ಎಂದು ಅಮ್ಮನನ್ನು ಕನಿಕರದಿಂದ ನೋಡುತ್ತಿದ್ದರು. ಅವರ ಪಾಲಿಗೆ ಊರು ಜಯನಗರ ಫೋರ್ತ್ ಬ್ಲಾಕಿಗೆ ಮುಗಿಯುತ್ತಿತ್ತು. ಅಂಥ ಕಡೆ ಅಪ್ಪ ಕಾರು ತಂದರು.

ತಂದರು ಎನ್ನುವುದಕ್ಕಿಂತ ಅವರ ತಲೆಗೆ ಕಟ್ಟಲಾಯಿತು ಎಂದರೆ ಸರಿ. ಅಪ್ಪ ಸರ್ಕಾರಿ ಕಚೇರಿಯೊಂದರ ಗುಮಾಸ್ತರು. ವರ್ಗವಾಗಿ ಹೊರಟಿದ್ದ ಅವರ ಸೂಪರಿಂಟೆಂಡೆಂಟರು, "ರಾಯರೇ, ಈ ಕಾರನ್ನ ಕಂಡೋರ ಕೈಗೆ ಕೊಡೋಕೆ ನನಗೆ ಮನಸ್ಸಿಲ್ಲ" ಎಂದು ಗದ್ಗದರಾದರು. ಅಪ್ಪ ಕರಗಿದರು. ಬಣ್ಣ ಹಸಿರು ಎಂದು ಕಾಗದಪತ್ರದಲ್ಲಿ ಬರೆದಿತ್ತು, ನಾವೂ ನಂಬಿದೆವು. ಹಿಂದಿನ ಎಡಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಆ ಪಕ್ಕ ಕೂರುವವಳು ನಾನು, ಯಾರಾದರೂ ಹೊರಗಿನಿಂದ ಬಂದು ತೆಗೆಯುವ ತನಕ ಕಾಯಬೇಕಿತ್ತು. ಅದನ್ನು ನಾನು ಮಹಾರಾಣಿಗೆ ಸಲ್ಲುವ ಮರ್ಯಾದೆ ಎಂದೇ ಬಹಳ ದಿನ ತಿಳಿದಿದ್ದೆ.

ಕಾರಿಗೆ ಪೆಟ್ರೋಲು ಹಾಕಿಸುವ ಮೊದಲು ಅಪ್ಪ ಇನ್ಶೂರೆನ್ಸ್ ಮಾಡಿಸಿದರು. ಪಾಲಿಸಿಯ ಕಾಗದವನ್ನು ದೇವರ ಮನೆಯ ತಗಡಿನ ಟ್ರಂಕಿನಲ್ಲಿ ನಮ್ಮೆಲ್ಲರ ಜಾತಕಗಳ ಜೊತೆ ಇಟ್ಟರು. ಅಚ್ಚಾದ ಫಾರಮ್ಮುಗಳಲ್ಲಿ ಅವರಿಗೆ ಅಪಾರ ಭಕ್ತಿ. ಮನುಷ್ಯ ಮರೆಯುತ್ತಾನೆ, ಫಾರಮ್ಮು ಮರೆಯುವುದಿಲ್ಲ ಎನ್ನುತ್ತಿದ್ದರು. ಇನ್ನು ಅಮ್ಮನ ಲೋಕದಲ್ಲಿ ಅಪಘಾತಗಳು ಫಾರಮ್ಮಿಲ್ಲದೆ ಬಗೆಹರಿಯುತ್ತಿದ್ದವು. ಎದುರುಮನೆ ಆಂಟಿಯ ಉಪ್ಪಿನಕಾಯಿ ಜಾಡಿ ನನ್ನ ಚೆಂಡಿಗೆ ಒಡೆದಾಗ ಅಮ್ಮ ನನ್ನನ್ನು ಒಂದು ವಾರ ಅವರ ಮನೆಗೆ ಹುಣಸೆಬೀಜ ಬಿಡಿಸಲು ಕಳಿಸಿದಳು. ಆಂಟಿ ದಿನಕ್ಕೊಂದು ಕೊಬ್ಬರಿ ಮಿಠಾಯಿ ಕೊಟ್ಟು ಕಳಿಸುತ್ತಿದ್ದರು. ವಾರ ಮುಗಿದಾಗ ಇನ್ನೊಂದು ಜಾಡಿ ಒಡೆದರೆ ಹೇಗೆ ಎಂದು ನಾನು ಯೋಚಿಸಿದ್ದುಂಟು.

ಅಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯುವವರಿಗೆ ಕೊಡುವ ಲೈಸೆನ್ಸ್ ಮಾಡಿಸಿಕೊಂಡು, ಕಾರಿನ ಮುಂದೂ ಹಿಂದೂ ಕೆಂಪಕ್ಷರದ ಬೋರ್ಡು ಕಟ್ಟಿದರು. ಅಂಥವರ ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವವರೊಬ್ಬರು ಕೂತಿರಲೇಬೇಕು ಎಂಬುದು ಕಾನೂನು. ನಮ್ಮ ಮನೆಯಲ್ಲಿ ಹಾಗೆ ಕೂರುವ ಯೋಗ್ಯತೆ ಇದ್ದವನು ಸೀನು ಮಾಮ, ಅಮ್ಮನ ತಮ್ಮ. ಯಾವುದೋ ಕಾರ್ಖಾನೆಯಲ್ಲಿ ಜೀಪು ಓಡಿಸುತ್ತಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದು, ಕನಕಪುರ ರಸ್ತೆಯಲ್ಲಿ ತಲಘಟ್ಟಪುರದವರೆಗೆ ಅಪ್ಪನಿಗೆ ಪಾಠ ಹೇಳುತ್ತಿದ್ದ. "ಕ್ಲಚ್ಚು ಭಾವ, ಕ್ಲಚ್ಚು! ನಿಧಾನ ಬಿಡಿ! ಎಲೆ ಅಡಿಕೆ ಹಾಕ್ಕೊಳ್ಳೋ ಹಾಗೆ ನಿಧಾನ!" ಅಪ್ಪ ಎಲೆ ಅಡಿಕೆ ಹಾಕುವವರಲ್ಲ. ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು.

ಒಂದು ಭಾನುವಾರ ಅಮ್ಮನೂ ಬಂದಳು. ಅವಳು ಕಾರು ಹತ್ತಿದ್ದು ಅದೇ ಮೊದಲು. ಕೋಣನಕುಂಟೆ ಇನ್ನೂ ಸ್ವಲ್ಪ ದೂರವಿರುವಾಗ ಸೀನು ಮಾಮ ಕಾರು ನಿಲ್ಲಿಸಲು ಹೇಳಿ, "ಎಂಜಿನ್ ಆಫ್ ಮಾಡ್ಬೇಡಿ ಭಾವ, ಮತ್ತೆ ಸ್ಟಾರ್ಟ್ ಆಗಲ್ಲ. ಈಗ ಬಂದೆ" ಎಂದು ಇಳಿದು ಹುಣಸೆಮರದ ಹಿಂದೆ ಹೋದ. ಹಿಂದಿನ ಸೀಟಿನ ಸ್ಪ್ರಿಂಗು ಚುಚ್ಚುತ್ತಿದೆ ಎಂದು ಗೊಣಗುತ್ತಿದ್ದ ಅಮ್ಮ ಅಷ್ಟರಲ್ಲಿ ಮುಂದಿನ ಸೀಟಿಗೆ ಬಂದು ಕೂತಳು. ಹೆಂಡತಿ ಪಕ್ಕದಲ್ಲಿ ಕೂತಿದ್ದಾಳೆ, ಎಂಜಿನ್ ಗುರುಗುಡುತ್ತಿದೆ, ರಸ್ತೆ ಖಾಲಿ ಇದೆ. ಅಪ್ಪನಿಗೆ ಆಗ ಮೂವತ್ತೆಂಟು ವರ್ಷ, ಪಾಪ. "ನೋಡು, ಹತ್ತು ಮಾರು ನಾನೇ ತಗೊಂಡ್ಹೋಗ್ತೀನಿ" ಎಂದರು. ಅಮ್ಮ ಬೇಡ ಎನ್ನಲಿಲ್ಲ. ಅವಳು ಮುಖಕ್ಕೆ ಸೆರಗು ಅಡ್ಡ ಹಿಡಿದು ನಗುತ್ತಿದ್ದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು.

ಕಾರು ನೆಗೆಯಿತು. ರಸ್ತೆ ಬಿಟ್ಟು ಎಡಗಡೆಯ ಮಣ್ಣಿಗಿಳಿಯಿತು. ಅಲ್ಲಿ ಒಬ್ಬಾಕೆ ಹುಲ್ಲು ತುಂಬಿದ ಕುಕ್ಕೆಯನ್ನು ಕೆಳಗಿಟ್ಟು ಸುಧಾರಿಸಿಕೊಳ್ಳುತ್ತಿದ್ದಳು. ಅವಳ ಪಕ್ಕ ಒಂದು ಎಮ್ಮೆ ನಿಂತಿತ್ತು. ಕಾರು ಮೊದಲು ಕುಕ್ಕೆ ಹತ್ತಿತು, ಆಮೇಲೆ ಎಮ್ಮೆಯ ಪಕ್ಕೆಗೆ ಗುದ್ದಿ ನಿಂತಿತು. ದೊಡ್ಡ ಸದ್ದೇನೂ ಆಗಲಿಲ್ಲ. ಎಮ್ಮೆ ಕಾರನ್ನು ಒಂದು ಸಲ ತಿರುಗಿ ನೋಡಿತು, ಮುಂಗಾಲು ಮಡಚಿ ನಿಧಾನವಾಗಿ ಕೂತುಬಿಟ್ಟಿತು. ಆಗ ಅದರ ಹೊಟ್ಟೆ ನಮಗೆ ಪೂರ್ತಿಯಾಗಿ ಕಾಣಿಸಿತು. ಅಮ್ಮ "ಅಯ್ಯೋ, ಬಸುರಿ" ಎಂದಳು.

ಎಮ್ಮೆಯ ಒಡತಿಯ ಹೆಸರು ಪಿಳ್ಳಮ್ಮ, ಕೋಣನಕುಂಟೆಯವಳು. ಎಮ್ಮೆಯ ಹೆಸರು ಮೋಟಿ, ಅದರ ಬಾಲ ಮೋಟು. ಪಿಳ್ಳಮ್ಮನಿಗೆ ಇದ್ದದ್ದು ಅದೊಂದೇ ಎಮ್ಮೆ. ಅದರ ಹಾಲು ಬತ್ತಿ ತಿಂಗಳುಗಳಾಗಿದ್ದವು, ಈಗ ಕರು ಹಾಕಿದರೆ ಮತ್ತೆ ಹಾಲು, ಹಾಲಿದ್ದರೆ ಮನೆಯ ಒಲೆ. ಅಲ್ಲಿಯ ತನಕ ಹುಲ್ಲು ಕೊಯ್ದು ಮಾರಿ ದಿನ ದೂಡುತ್ತಿದ್ದಳು. ಇದೆಲ್ಲ ನಮಗೆ ಗೊತ್ತಾದದ್ದು ಊರಿನವರು ಸುತ್ತುಗಟ್ಟಿ, ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳಿದ ಮೇಲೆ. ಪಿಳ್ಳಮ್ಮ ಮಾತ್ರ ಎಮ್ಮೆಯ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ಸ್ವಲ್ಪ ಹೊತ್ತಿಗೆ ಮೋಟಿ ತಾನಾಗಿ ಎದ್ದು ನಿಂತಿತು.

ಸೀನು ಮಾಮ ಓಡಿಬಂದ. ಗುಂಪು ನೋಡಿ ಗಾಬರಿಯಾಗಿ, "ಯಾರೂ ಹೆದರ್ಕೋಬೇಡಿ, ಕಾರಿಗೆ ಇನ್ಶೂರೆನ್ಸ್ ಇದೆ!" ಎಂದು ಕೂಗಿದ. ಹೆದರಿದ್ದವನು ಅವನೊಬ್ಬನೇ.

"ಇನ್ಸೂರು ಗಿನ್ಸೂರು ಯಾಕ್ ಸ್ವಾಮಿ, ಇಲ್ಲೇ ಮಾತಾಡಿ ಮುಗ್ಸಿ" ಎಂದರು ಪೇಟ ಸುತ್ತಿದ್ದ ಹಿರಿಯರೊಬ್ಬರು. "ಆಯಮ್ಮಂಗೂ ಒಳ್ಳೇದು, ನಿಮ್ಗೂ ಒಳ್ಳೇದು."

ಅಪ್ಪ ಬೆವರುತ್ತಿದ್ದರು. ಕೈ ಜೋಡಿಸಿ ಪಿಳ್ಳಮ್ಮನ ಮುಂದೆ ನಿಂತು, "ಅಮ್ಮಾ, ತಪ್ಪು ನಂದೇ. ನಿಮಗೆ ಎಷ್ಟು ನಷ್ಟ ಆಗಿದೆ ನೀವೇ ಹೇಳಿ" ಎಂದರು. 'ನೀವು' ಎಂದದ್ದು ತನಗೇ ಎಂದು ಪಿಳ್ಳಮ್ಮನಿಗೆ ಹೊಳೆಯಲಿಲ್ಲ. ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು.

"ಕುಕ್ಕೆ ಮುರ್ದೋಯ್ತು. ಕುಕ್ಕೆ ದುಡ್ಡು ಕೊಡಿ" ಎಂದಳು.

"ಅದು ಸರಿ. ಎಮ್ಮೆಗೆ?"

"ಎಮ್ಮೆ ನಿಂತೈತಲ್ಲ."

"ಹೊಟ್ಟೇಲಿರೋ ಕರುಗೆ ಏನಾದ್ರೂ..."

ಪಿಳ್ಳಮ್ಮ ಸರಕ್ಕನೆ ಎದ್ದು ನಿಂತಳು. "ಆ ಮಾತಾಡ್ಬ್ಯಾಡಿ ಸ್ವಾಮಿ. ಉಟ್ಟುದ್ ಮ್ಯಾಕೆ ನೋಡಾನ. ಒಟ್ಟೇಲಿರೋದ್ಕೆ ಈಗ್ಲೇ ರೇಟ್ ಕಟ್ಟಿ ಇಸ್ಕೊಂಡ್ರೆ, ಅದು ಸತ್ತೋಗ್ಲಿ ಅಂತ ನಾನೇ ಅಂದಂಗಲ್ವಾ? ಅದ್ಕೂ ಕಿವಿ ಐತೆ, ಕೇಳುಸ್ಕೊಂತದೆ."

ಕುಕ್ಕೆಯ ವಿಷಯದಲ್ಲಿ ಮಾತ್ರ ಅವಳು ಬಿಡಲಿಲ್ಲ. ಅಪ್ಪ ಕೊಟ್ಟ ಹಣ ಹಳೇ ಕುಕ್ಕೆಗಾಯಿತು, ಹೊಸದಕ್ಕೆ ಸಾಲದು ಎಂದು ವಾದ ಮಾಡಿ ಇನ್ನಷ್ಟು ಇಸಿದುಕೊಂಡಳು.

ಆ ಮಧ್ಯಾಹ್ನವೇ ಅಪ್ಪ ದನದ ಆಸ್ಪತ್ರೆಯ ಡಾಕ್ಟರನ್ನು ಕರೆದುಕೊಂಡು ಹೋದರು. ಡಾಕ್ಟರು ಮೋಟಿಯ ಪಕ್ಕೆ ಒತ್ತಿ, ಕಣ್ಣು ನೋಡಿ, "ಮೂಳೆಗೇನೂ ಆಗಿಲ್ಲ. ಕರು ಅಲ್ಲಾಡ್ತಿದೆ, ಆದ್ರೆ ಸ್ವಲ್ಪ ಮಂಕಾಗಿದೆ. ಈಗಲೇ ಏನೂ ಹೇಳೋಕಾಗಲ್ಲ, ಇನ್ನೂ ಎರಡು ತಿಂಗಳಿದೆ, ಕಾಯ್ಬೇಕು" ಎಂದರು. ಕಾಯುವುದು ಅಪ್ಪನಿಗೆ ಬಾರದ ವಿದ್ಯೆ. ಮರುದಿನವೇ ಕಂಪನಿಯಿಂದ ಫಾರಮ್ಮು ತಂದರು. ಕರುವಿಗೆ ಏನಾದರೂ ಆದರೆ ಪಿಳ್ಳಮ್ಮನ ಕೈಗೆ ಒಂದು ಎಮ್ಮೆಯ ಬೆಲೆಯಾದರೂ ಬರಬೇಕು, ಅದು ತನ್ನ ಸಂಬಳದಿಂದ ಆಗುವ ಮಾತಲ್ಲ, ಕಂಪನಿಯಿಂದಲೇ ಆಗಬೇಕು ಎಂಬುದು ಅವರ ಲೆಕ್ಕ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಊಟದ ಮಣೆಯ ಮೇಲೆ ಫಾರಮ್ಮನ್ನು ಹರಡಿಕೊಂಡು ಅಪ್ಪ ಮೂರು ದಿನ ತುಂಬಿದರು. ಮೊದಲು ಪೆನ್ಸಿಲ್ಲಿನಲ್ಲಿ, ಆಮೇಲೆ ಶಾಯಿಯಲ್ಲಿ. ಪೆಟ್ಟು ತಿಂದವರ ಹೆಸರು, ವಯಸ್ಸು, ಉದ್ಯೋಗ ಎಂಬಲ್ಲಿ ಪಿಳ್ಳಮ್ಮನದು ಬರೆಯಬೇಕೋ ಮೋಟಿಯದು ಬರೆಯಬೇಕೋ ಎಂಬುದೇ ಒಂದು ಸಂಜೆಯ ಚರ್ಚೆಯಾಯಿತು. ನಷ್ಟ ಎಷ್ಟು ಎಂಬ ಕಾಲಂ ಖಾಲಿ ಉಳಿಯಿತು. "ನೀವು ಒಂದು ಅಂದಾಜು ಬರೀರಿ ಭಾವ" ಎಂದ ಸೀನು ಮಾಮ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡಿ" ಎಂದಳು ಅಡುಗೆಮನೆಯಿಂದ ಅಮ್ಮ. ಪಿಳ್ಳಮ್ಮನ ಮಾತು ನಮ್ಮ ಮನೆಯಲ್ಲಿ ಸರಿಯಾಗಿ ಅರ್ಥವಾಗಿದ್ದದ್ದು ಅವಳೊಬ್ಬಳಿಗೇ ಎಂದು ಈಗ ಅನ್ನಿಸುತ್ತದೆ.

ಒಂಬತ್ತನೇ ಕಾಲಂ ಹತ್ತಿರ ಅಪ್ಪನ ಪೆನ್ನು ನಿಂತಿತು. ಅಪಘಾತದ ಹೊತ್ತಿನಲ್ಲಿ ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿದ್ದರೆ? ಇರಲಿಲ್ಲ ಎಂದರೆ ಕಂಪನಿ ಬಿಡಿಕಾಸು ಕೊಡುವುದಿಲ್ಲ. ಸೀನು ಮಾಮ ಗಂಟಲು ಸರಿಮಾಡಿಕೊಂಡ. "ಕೂತಿದ್ರು ಅಂತ ಬರೀರಿ ಭಾವ. ನಾನೇನು ಮೈಸೂರಿಗೆ ಹೋಗಿದ್ನಾ? ಇಪ್ಪತ್ತು ಹೆಜ್ಜೆ ಆಚೆ ಇದ್ದೆ."

ಅಪ್ಪ ಒಂದು ದಿನ ಬರೆಯಲಿಲ್ಲ. ಕಚೇರಿಯಲ್ಲಿ ಇನ್ನೊಬ್ಬರ ಫಾರಮ್ಮಿನ ಸುಳ್ಳನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸು ಕಳಿಸುವುದೇ ಅವರ ಕೆಲಸವಾಗಿತ್ತು. ಮರುದಿನ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು ಬಂದು, ಕೂತಿದ್ದರು ಎಂದು ಬರೆದರು. ಆ ಸುಳ್ಳಿನಲ್ಲಿ ಅವರಿಗೆ ಒಂದು ನಯಾಪೈಸೆಯ ಲಾಭವಿರಲಿಲ್ಲ.

ಉಳಿದದ್ದು ಕೊನೆಯ ಪುಟದ ಖಾಲಿ ಚೌಕ. ಅಪ್ಪ ಬಿಡಿಸಿದ ಕಾರು ದೇವರ ಮನೆಯ ಟ್ರಂಕಿನ ಹಾಗೆ ಬಂತು. ಅಳಿಸಿ, "ಪುಟ್ಟಿ, ನೀನೇ ಬಿಡ್ಸು. ನೋಡಿದ್ದು ನೋಡಿದ ಹಾಗೆ ಬಿಡ್ಸಬೇಕು" ಎಂದು ನನ್ನ ಕೈಗೆ ಕೊಟ್ಟು ಕಚೇರಿಗೆ ಹೋದರು. ಆ ವರ್ಷ ಶಾಲೆಯ ಚಿತ್ರ ಸ್ಪರ್ಧೆಯಲ್ಲಿ ನನಗೆ ಎರಡನೆಯ ಬಹುಮಾನ ಬಂದಿತ್ತು. ಸ್ಪರ್ಧೆಯಲ್ಲಿ ಇದ್ದವರು ಮೂವರು ಎಂಬುದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಬಣ್ಣದ ಪೆನ್ಸಿಲ್ ಡಬ್ಬಿ ತೆಗೆದೆ. ಆ ಸಂಜೆಯ ತನಕ ನಾನು ಅಷ್ಟು ಶ್ರದ್ಧೆಯಿಂದ ಬೇರೆ ಯಾವ ಕೆಲಸವನ್ನೂ ಮಾಡಿದವಳಲ್ಲ, ಆಮೇಲೂ ಮಾಡಿಲ್ಲ. ಮೋಟಿಯ ಹೊಟ್ಟೆಗೆ ಕಪ್ಪು ಪೆನ್ಸಿಲ್ಲು ಮುಕ್ಕಾಲು ಸವೆಯಿತು. ಪಿಳ್ಳಮ್ಮನ ಕೈಯಲ್ಲಿ ಹಸಿರು ಬಳೆ, ಮುರಿದ ಕುಕ್ಕೆಯಿಂದ ಚೆಲ್ಲಿದ ಹುಲ್ಲು, ಕಾರಿನ ಮುಂದೆ ಕೆಂಪಕ್ಷರದ ಬೋರ್ಡು. ಕಾರಿನೊಳಗೆ ಸ್ಟೇರಿಂಗ್ ಹಿಡಿದ ಅಪ್ಪ, ಪಕ್ಕದಲ್ಲಿ ಸೆರಗು ಹಿಡಿದ ಅಮ್ಮ, ಹಿಂದೆ ಎರಡು ಜಡೆಯ ನಾನು. ಚೌಕದ ಮೂಲೆಯಲ್ಲಿ ಹುಣಸೆಮರ, ಮರದ ಆಚೆ ಬೆನ್ನು ಹಾಕಿ ನಿಂತ ಇಸ್ತ್ರಿ ಷರಟಿನ ಸೀನು ಮಾಮ. ನೋಡಿದ್ದು ನೋಡಿದ ಹಾಗೆ. ಅಪ್ಪ ಸಂಜೆ ಬಂದು ಅವಸರದಲ್ಲಿ "ಭೇಷ್" ಎಂದು ಲಕೋಟೆಗೆ ಹಾಕಿದರು. ಪಕ್ಕದ ಸೀಟಿನಲ್ಲಿ ಯಾರಿದ್ದಾರೆಂದು ನೋಡಲೇ ಇಲ್ಲವಂತೆ, ಮರದ ಹಿಂದಿನವನು ಯಾರೋ ಊರಿನವನು ಎಂದುಕೊಂಡರಂತೆ.

ಹತ್ತು ದಿನ ಕಳೆದು ಒಂದು ಶನಿವಾರ ಮಧ್ಯಾಹ್ನ ಕಂಪನಿಯ ಸರ್ವೇಯರು ಸ್ಕೂಟರಿನಲ್ಲಿ ಬಂದರು. ಅಪಘಾತ ನಿಜವೇ, ನಷ್ಟ ಎಷ್ಟು ಎಂದು ನೋಡಿ ವರದಿ ಕೊಡುವವರು. ಬೊಕ್ಕತಲೆ, ಸೌಮ್ಯ ಮುಖ. ಕಾರಿನ ಸೊಟ್ಟ ಬಂಪರು ನೋಡಿದರು, ಅಮ್ಮ ಕೊಟ್ಟ ಕಾಫಿ ಕುಡಿದರು, ಕನ್ನಡಕ ಹಣೆಗೇರಿಸಿಕೊಂಡು ಫಾರಮ್ಮಿನ ಕೊನೆಯ ಪುಟ ತೆಗೆದರು. ತೆಗೆದವರು ಬಹಳ ಹೊತ್ತು ಅದರಲ್ಲೇ ಇದ್ದರು.

"ಇದನ್ನ ಯಾರು ಬಿಡಿಸಿದ್ದು?"

"ನಾನು ಅಂಕಲ್" ಎಂದು ನಾನು ಮುಂದೆ ಬಂದೆ. ಇನ್ನೊಂದು ಬಹುಮಾನ ಬಂತೆಂದೇ ನನ್ನ ಎಣಿಕೆ.

"ಬಹಳ ಚೆನ್ನಾಗಿದೆ. ಕಾರು ಓಡಿಸ್ತಿರೋರು ಯಾರಮ್ಮ?"

"ಅಪ್ಪ."

"ಪಕ್ಕದಲ್ಲಿ?"

"ಅಮ್ಮ."

"ಎರಡು ಜಡೆ?"

"ನಾನೇ."

"ಮತ್ತೆ ಇವರು? ಮರದ ಹಿಂದೆ?"

"ಸೀನು ಮಾಮ."

"ಅಲ್ಲೇನ್ ಮಾಡ್ತಿದಾರೆ?"

ನನಗೆ ನಾಚಿಕೆಯಾಯಿತು. ಆದರೂ ಕೇಳಿದವರು ದೊಡ್ಡವರು. "ಒಂದಕ್ಕೆ ಹೋಗಿದ್ರು" ಎಂದೆ.

ಸಾಕ್ಷಿಗೆಂದು ಬಂದು ಕೂತಿದ್ದ ಸೀನು ಮಾಮ ಎದ್ದು ಹಿತ್ತಲಿಗೆ ನಡೆದ. ಅಮ್ಮ ಖಾಲಿ ಲೋಟ ತೆಗೆದುಕೊಂಡು ಹೋಗಲು ಬಂದವಳು ಬಾಗಿಲಲ್ಲೇ ನಿಂತಳು. ಸರ್ವೇಯರು ಪುಟ ತಿರುಗಿಸಿ ಒಂಬತ್ತನೇ ಕಾಲಂ ಮೇಲೆ ಬೆರಳಿಟ್ಟರು.

"ಸಾರ್, ಇಲ್ಲಿ ಒಂದು ಹೇಳಿದೀರಿ. ಮಗು ಇನ್ನೊಂದು ಹೇಳ್ತಿದೆ. ನಾನು ಯಾವುದನ್ನ ನಂಬಲಿ?"

ಅಪ್ಪನ ಮುಖ ಕೆಂಪಾಯಿತು, ಆಮೇಲೆ ಆ ಕೆಂಪು ಇಳಿಯಿತು. "ಚಿತ್ರಾನೇ ನಂಬಿ ಸಾರ್" ಎಂದರು. ಅಷ್ಟು ದಿನ ಬಿಗಿದುಕೊಂಡಿದ್ದ ಅವರ ಭುಜ ಆಗ ಸಡಿಲವಾದದ್ದನ್ನು ನಾನು ನೋಡಿದೆ.

ಸರ್ವೇಯರು ಫಾರಮ್ಮನ್ನು ಮಡಿಸಿ ಅಪ್ಪನ ಕೈಗೆ ಕೊಟ್ಟರು. "ಹಾಗಾದ್ರೆ ಇದನ್ನ ನೀವೇ ವಾಪಸ್ ತಗೊಂಡ್ಬಿಡಿ. ಕಂಪನಿ ಕಡೆಯಿಂದ ಏನೂ ಬರಲ್ಲ. ಆ ಹೆಂಗಸಿನ ಹತ್ರ ನೀವೇ ಹೋಗಿ ಮಾತಾಡ್ಕೊಳ್ಳಿ. ನಿಮ್ಮನ್ನ ನೋಡಿದ್ರೆ ಅದೇ ನಿಮಗೆ ಸರಿಹೋಗುತ್ತೆ ಅನ್ಸುತ್ತೆ." ಹೋಗುವಾಗ ನನ್ನ 'ಒಂದಕ್ಕೆ'ಯನ್ನು ನೆನೆದೋ ಏನೋ, ಸ್ಕೂಟರಿನ ಮೇಲೆ ಅವರ ಬೆನ್ನು ಕುಲುಕುತ್ತಿತ್ತು.

"ಮರಾನ ಬೇರೆ ಕಡೆ ಬಿಡ್ಸೋಕಾಗ್ತಿರ್ಲಿಲ್ವೇನೇ?" ಎಂದು ಸೀನು ಮಾಮ ಹಿತ್ತಲಿನಿಂದ ಬಂದು ನನ್ನನ್ನು ಬೈದ. ಆಗ ನನಗೆ ನಡೆದದ್ದು ಏನೆಂದು ತಿಳಿಯಿತು. ಕರು ಸತ್ತರೆ ಪಿಳ್ಳಮ್ಮನಿಗೆ ಕಂಪನಿಯಿಂದ ಏನೂ ಸಿಗುವುದಿಲ್ಲ, ನನ್ನಿಂದಾಗಿ ಸಿಗುವುದಿಲ್ಲ. ಅಪ್ಪ ಬೈಯಲಿಲ್ಲ, "ನೋಡಿದ್ದು ನೋಡಿದ ಹಾಗೆ ಬಿಡ್ಸು ಅಂದೋನು ನಾನು ತಾನೇ" ಎಂದರು. ನಾನು ಮಂಚದ ಕೆಳಗೆ ತೂರಿಕೊಂಡು ಅತ್ತೆ. ಅಮ್ಮ ಬಗ್ಗಿ ಕೈಗೆ ಸಿಕ್ಕಿದ ಕಾಲು ಹಿಡಿದು ಎಳೆದು, "ಎದ್ದೇಳೇ, ಇನ್ನೂ ಯಾರೂ ಸತ್ತಿಲ್ಲ" ಎಂದಳು.

ಅಲ್ಲಿಂದ ನಮ್ಮ ಭಾನುವಾರಗಳು ಬದಲಾದವು. ಅಪ್ಪ ಕಾರಿಗೆ ಹಳೆಯ ಜಮಖಾನ ಹೊದಿಸಿ ಬಿಟ್ಟರು. ಕರು ನೆಲಕ್ಕೆ ಬೀಳುವ ತನಕ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಯಾರೂ ಕೇಳದಿದ್ದರೂ ಘೋಷಿಸಿದರು. ಬೆಳಗಿನ ತಿಂಡಿ ಮುಗಿಸಿ ನಾವು ಮೂವರೂ ಸಾರಕ್ಕಿ ದಾಟಿ ಕೋಣನಕುಂಟೆಗೆ ನಡೆಯುತ್ತಿದ್ದೆವು, ಅಪ್ಪನ ಒಂದು ಕೈಯಲ್ಲಿ ಹಿಂಡಿ, ಇನ್ನೊಂದರಲ್ಲಿ ಬೂಸಾ. ಎರಡು ಕಡೆ ರಾಗಿ ಹೊಲ, ನಡುವೆ ಸೀಬೆ ತೋಟ. ದಾರಿಯಲ್ಲಿ ಸಿಕ್ಕವರೆಲ್ಲ "ಎಮ್ಮೆ ಎಂಗೈತೆ ಸ್ವಾಮಿ?" ಎಂದು ಅಪ್ಪನನ್ನೇ ಕೇಳತೊಡಗಿದರು. ಹಿಂಡಿ ತಂದರೆ ಪಿಳ್ಳಮ್ಮ ಬೇಡ ಎನ್ನುತ್ತಿರಲಿಲ್ಲ. ಮೂಸಿ ನೋಡಿ, "ಓದ್ಸಾರಿ ತಂದಿದ್ದೇ ವಾಸಿ" ಎನ್ನುತ್ತಿದ್ದಳು.

ಕರು ಅಲ್ಲಾಡುವುದನ್ನು ತಿಳಿಯುವುದು ಹೇಗೆಂದು ಅವಳು ಅಪ್ಪನಿಗೆ ಕಲಿಸಿದಳು. ಎಮ್ಮೆಯ ಬಲ ಪಕ್ಕೆಯ ಕೆಳಗೆ ಅಂಗೈ ಒತ್ತಿ, ಉಸಿರು ಬಿಗಿಹಿಡಿದು ನಿಲ್ಲಬೇಕು. ಕಚೇರಿಯ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಅಪ್ಪ ಹಾಗೆ ನಿಂತಾಗ, ಒಳಗಿನಿಂದ ಒಂದು ಒದೆತ ಬಂದರೆ ಅವರ ಮುಖ ಅರಳುತ್ತಿತ್ತು. "ಬಂತು! ಬಂತು!" ಎಂದು ಕೂಗುತ್ತಿದ್ದರು. "ಇವಳು ಹೊಟ್ಟೇಲಿದ್ದಾಗ ಒಂದು ದಿನ ಕೇಳಿದ್ರಾ?" ಎಂದು ಅಮ್ಮ ನನ್ನನ್ನು ತೋರಿಸಿ ಛೇಡಿಸಿದಳು. ಪಿಳ್ಳಮ್ಮ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು. ನಾನೂ ಕೈಯಿಡುತ್ತಿದ್ದೆ. ಬಿಸಿ ಚರ್ಮ, ಒರಟು ಕೂದಲು, ಅದರೊಳಗೆ ಯಾರೋ ಮಗ್ಗುಲು ಬದಲಿಸುತ್ತಿದ್ದರು. ನನ್ನ ಕೈಗೆ ಇವತ್ತಿಗೂ ಆ ಹೊಟ್ಟೆಯ ಅಳತೆ ಗೊತ್ತು.

ಆರನೆಯ ಭಾನುವಾರ ಒದೆತ ಬರಲಿಲ್ಲ. ಅಪ್ಪ ಬಹಳ ಹೊತ್ತು ಕೈಯೊತ್ತಿ ನಿಂತರು. ಕೈ ಬದಲಿಸಿದರು. ಪಿಳ್ಳಮ್ಮ ಅವರನ್ನು ಪಕ್ಕಕ್ಕೆ ಸರಿಸಿ ತಾನೇ ಕಿವಿಯಿಟ್ಟಳು. ಎದ್ದು, ಸೆರಗಿನಿಂದ ಕೆನ್ನೆ ಒರೆಸಿಕೊಂಡು, "ಮನಿಕ್ಕೊಂಡೈತೆ. ಎಬ್ಬುಸ್ಬ್ಯಾಡಿ" ಎಂದಳು. ಅಪ್ಪ ವಾಪಸು ನಡೆಯುವಾಗ ಖಾಲಿ ಚೀಲವನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ಮಾಡುತ್ತಿದ್ದರು. ಆ ವಾರ ಅವರು ಕಚೇರಿಯ ಸಹಕಾರ ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿ, ಎಮ್ಮೆಯ ಬೆಲೆಯನ್ನು ಒಂದು ಲಕೋಟೆಯಲ್ಲಿ ತಂದು ಅಮ್ಮನಿಗೂ ಹೇಳದೆ ಟ್ರಂಕಿನಲ್ಲಿಟ್ಟರು. ಅಮ್ಮನಿಗೆ ಅದು ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಅಪ್ಪ ಕಚೇರಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಗೇಟಿನ ಬಳಿ ಪಿಳ್ಳಮ್ಮ ನಿಂತಿದ್ದಳು. ತಲೆಯ ಮೇಲೆ ಬಾಳೆಎಲೆ ಮುಚ್ಚಿದ ತಪ್ಪಲೆ. ಕೋಣನಕುಂಟೆಯಿಂದ ಬಿರಬಿರನೆ ನಡೆದು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಅಮ್ಮ ಕೈಕೊಟ್ಟು ತಪ್ಪಲೆ ಇಳಿಸಿಕೊಂಡು ಎಲೆ ಸರಿಸಿದಳು. ಹಳದಿ ಬಣ್ಣದ, ಮಂದವಾದ ಗಿಣ್ಣುಹಾಲು. ಎಮ್ಮೆ ಈದ ಮೇಲೆ ಮೊದಲು ಕರೆಯುವ ಹಾಲು. ಮೋಟಿ ಈದಿದೆ, ಅಷ್ಟು ಗೊತ್ತಾಯಿತು. ಕರು ಇಲ್ಲದಿದ್ದರೂ ಈ ಹಾಲು ಬರುತ್ತದೆ ಎಂಬುದು ಅಪ್ಪನಿಗೆ ಡಾಕ್ಟರು ಹೇಳಿ ಗೊತ್ತಿತ್ತು. ಇನ್ನೊಂದು ಚಪ್ಪಲಿಯನ್ನು ಹಾಗೇ ಬಿಟ್ಟು ಅವರು ಪಿಳ್ಳಮ್ಮನ ಮುಖ ನೋಡಿದರು. ನಾನು ಕಂಬ ತಬ್ಬಿಕೊಂಡು ನಿಂತಿದ್ದೆ.

ಪಿಳ್ಳಮ್ಮ ಮೆಟ್ಟಿಲ ಮೇಲೆ ಕೂತು, ಅಮ್ಮ ತಂದ ನೀರನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟಳು.

"ಎಣ್ಗರು" ಎಂದಳು. "ನೆಲುಕ್ ಬಿದ್ದು ಗಳಿಗೆ ಆಗಿಲ್ಲ, ಎದ್ ನಿಂತ್ಕೊಂಡ್ತು ಸ್ವಾಮಿ. ಈಗ ಕೆಚ್ಚಲ್ಗೆ ಗುದ್ತಾ ಐತೆ, ನಿಮ್ ಕಾರ್ ಗುದ್ದುದಂಗೇ!"

ಅಪ್ಪ ಅಲ್ಲೇ, ಒಂದು ಕಾಲಿಗೆ ಮಾತ್ರ ಚಪ್ಪಲಿ ಇರುವ ಹಾಗೆಯೇ, ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತುಬಿಟ್ಟರು. ನಾನು ಕಂಬ ಬಿಟ್ಟು ಕುಣಿದೆ. ಅಷ್ಟು ಸಂತೋಷ ನನಗೆ ಮುಂದೆ ಪರೀಕ್ಷೆ ಪಾಸಾದಾಗಲೂ ಆಗಿಲ್ಲ, ಮದುವೆಯಾದಾಗಲೂ ಆಗಿಲ್ಲ. ಇದನ್ನು ನಮ್ಮವರು ಓದದಿದ್ದರೆ ಸಾಕು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅಪ್ಪ ಒಳಗೆ ಹೋಗಿ ಲಕೋಟೆ ತಂದರು. "ಉಟ್ಟುದ್ ಮ್ಯಾಕೆ ಅಂದಿದ್ರಿ. ಹುಟ್ತಲ್ಲ. ಈಗ ತಗೊಳ್ಳಿ" ಎಂದರು. ಪಿಳ್ಳಮ್ಮ ಲಕೋಟೆಯನ್ನು ಮುಟ್ಟಲಿಲ್ಲ. "ಕರ ಬದುಕೈತೆ, ಎಮ್ಮೆ ಚೆಂದಾಗೈತೆ, ಕುಕ್ಕೆ ದುಡ್ಡು ಅವತ್ತೇ ಕೊಟ್ರಿ. ಇದ್ನ ಯಾವುದ್ರ ಬಾಬ್ತು ಅಂತ ಇಸ್ಕೊಳ್ಳಿ?" ಎಂದಳು. ಸರ್ಕಾರಿ ಗುಮಾಸ್ತರಿಗೆ ಅದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ.

ಗಿಣ್ಣು ತಂದ ಪಾತ್ರೆಯನ್ನು ಬರಿದು ಮಾಡಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅಮ್ಮ ತಪ್ಪಲೆಯಲ್ಲಿ ಒಂದಿಷ್ಟು ಅಕ್ಕಿ ಹಾಕಿದಳು, ಒಂದು ಅಚ್ಚು ಬೆಲ್ಲ ಇಟ್ಟಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗೋಡೆಯನ್ನು ನೋಡಿದಳು. ಅಲ್ಲಿ ಮೊಳೆಗೆ ನಮ್ಮ ಹಾಲಿನ ಕಾರ್ಡು ನೇತಾಡುತ್ತಿತ್ತು. ನಮ್ಮ ಕಡೆ ಹಾಲಿನ ಬೂತ್ ಬಂದು ಒಂದು ವರ್ಷವಾಗಿತ್ತು. ಬಾಟಲಿ ಹಾಲು ಬೇಕಿದ್ದರೆ ಕಾರ್ಡು ಬೇಕು, ಕಾರ್ಡು ಬೇಕಿದ್ದರೆ ತಿಂಗಳುಗಟ್ಟಲೆ ಕಾಯಬೇಕು. ಅಮ್ಮ ಕಾದು, ಕಾಡಿ, ಅಪ್ಪನಿಂದ ಮೂರು ಅರ್ಜಿ ಬರೆಸಿ ಅದನ್ನು ಪಡೆದಿದ್ದಳು. ಅಮ್ಮ ಅದನ್ನು ಮೊಳೆಯಿಂದ ತೆಗೆದು, ತಪ್ಪಲೆಯಲ್ಲಿ ಬೆಲ್ಲದ ಮೇಲಿಟ್ಟು, ತಂದು ಪಿಳ್ಳಮ್ಮನ ಮುಂದೆ ಇಟ್ಟಳು.

ಪಿಳ್ಳಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಆ ಕಾರ್ಡನ್ನು ಅವಳು ಚೆನ್ನಾಗಿ ಬಲ್ಲಳು. ಅವಳು ದಿನಾ ಹಾಲು ಹಾಕುತ್ತಿದ್ದ ವರ್ತನೆಯ ಮನೆಗಳು ನಮ್ಮ ಬಡಾವಣೆಯಲ್ಲಿ ಒಂದೊಂದಾಗಿ ಅವಳನ್ನು ಬೇಡ ಎಂದಿದ್ದು ಅದು ಬಂದ ಮೇಲೆಯೇ. ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿದಳು. ಅಮ್ಮನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು, ನನ್ನ ಅಮ್ಮನದೂ.

"ಗಿಣ್ಣು ಕಳುದ್ ಮ್ಯಾಕೆ ಎಷ್ಟ್ ತರ್ಲವ್ವಾ?" ಎಂದು ಕೇಳಿದಳು.

ಅಮ್ಮ ಹೇಳಿದಳು: "ಕರು ಕುಡಿದು ಉಳಿದಷ್ಟು ತಾ."